ದೋಷದರ್ಶನ ಮತ್ತು ದೋಷಮೂಲ

ದೋಷವು ಎಲ್ಲಿ ಕಾಣಿಸಿಕೊಳ್ಳುವುದೋ ಅಲ್ಲಿಯೇ ಅದು ಹುಟ್ಟಿತೆಂದು ನಿಶ್ಚಯಿಸಬಹುದೇ? ನಿತ್ಯವ್ಯವಹಾರದಲ್ಲಿ ನಾವು ಹಾಗೆಯೇ ನಿಶ್ಚಯಿಸುತ್ತೇವೆ. ಯಾರ ಬಾಯಿಂದ ಕಟುನುಡಿ ಹೊರಟಿತೋ ಅವರೇ ಕಲಹಕ್ಕೆ ಮೂಲವೆಂದು ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ಶಾಸ್ತ್ರದ ಒರೆಗಲ್ಲಿಗೆ ನಿಲ್ಲುವುದೇ ಎಂಬುದನ್ನು ಒಂದು ಲೌಕಿಕ ದೃಷ್ಟಾಂತದಿಂದ ಪರಿಶೀಲಿಸೋಣ.

ಮುಂಬಯಿ–ಭುಸಾವಳ ರೈಲುಮಾರ್ಗದಲ್ಲಿ ನಾಸಿಕವನ್ನು ದಾಟಿದ ಮೇಲೆ ನಿಫಾಡ್ ಎಂಬ ಊರು ಸಿಗುತ್ತದೆ. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು 1842ರಲ್ಲಿ ಜನಿಸಿದ್ದು ಇಲ್ಲಿಯೇ. ಅಲ್ಲಿಯ ದ್ರಾಕ್ಷಿತೋಟದ ಮಿತ್ರರೊಬ್ಬರು ತಮ್ಮ ತಂದೆಯ ಕಾಲದ ಅಂಬಾಸಡರ್ ಕಾರನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಆ ಕಾರಿನ ನಿರ್ಮಾಣವು 2014ರಲ್ಲಿ ನಿಂತುಹೋಯಿತು. ಅದರ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವೆಡೆಯ ಕೆಳಗೆ, ಎಣ್ಣೆ ತೊಟ್ಟಿಕ್ಕುತ್ತಿತ್ತು. ದೋಷವು ಹಿಂಬದಿಯದೇ, ಎಂಜಿನ್ ಇಳಿಸಲೇಬೇಕು ಎಂದು ನೋಡಿದವರೆಲ್ಲರೂ ಹೇಳಿದರು.

ವೃದ್ಧ ಮೆಕ್ಯಾನಿಕ್ ಒಬ್ಬರು ಮಾತ್ರ ಒಪ್ಪಲಿಲ್ಲ. ಎಣ್ಣೆಯು ಸಹಜವಾಗಿ ಕೆಳಕ್ಕೆ ಇಳಿಯುತ್ತದೆ. ಫ್ಯಾನಿನ ಗಾಳಿಯೂ ಓಟದ ಗಾಳಿಯೂ ಅದನ್ನು ಹಿಂದಕ್ಕೆ ತಳ್ಳುತ್ತವೆ. ಮೇಲಣ ವಾಲ್ವ್ ಕವರು ಸೋರಲಿ, ಪಕ್ಕದ ಟ್ಯಾಪೆಟ್ ಕವರು ಸೋರಲಿ, ಹನಿ ಬೀಳುವುದು ಹಿಂದಿನ ತಗ್ಗಿನಲ್ಲಿಯೇ. ಆದುದರಿಂದ ಅವರು ಮೊದಲು ಸೀಮೆಎಣ್ಣೆಯಿಂದ ಹಳೆಯ ಜಿಡ್ಡನ್ನೆಲ್ಲ ತೊಳೆದು ಒರೆಸಿದರು. ಸೀಮೆಸುಣ್ಣದ ಪುಡಿಯನ್ನು ಉದುರಿಸಿ ಎಂಜಿನ್ ನಡೆಸಿದರು. ಬಳಿಕ ಟಾರ್ಚ್ ಹಿಡಿದು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರು. ಟ್ಯಾಪೆಟ್ ಕವರಿನ ಅಂಚಿನಲ್ಲಿ ಬಿಳಿಯ ಪುಡಿಯು ಒದ್ದೆಯಾಗಿತ್ತು.

ಆದರೆ ಅಲ್ಲಿಯ ಕಾರ್ಕ್ ಪ್ಯಾಕಿಂಗ್ ಇತ್ತೀಚೆಗಷ್ಟೇ ಹಾಕಿದ್ದು. ಅದೇಕೆ ಸೋರಬೇಕು? ಬ್ರೀದರ್ ಎಂಬ ಉಸಿರುಕೊಳವೆಯನ್ನು ಬಿಚ್ಚಿದಾಗ ಅದು ಮಡ್ಡಿಯಿಂದ ಕಟ್ಟಿಹೋಗಿತ್ತು. ಪಿಸ್ಟನ್ ರಿಂಗುಗಳನ್ನು ದಾಟಿ ಒಳಗೆ ಸೇರುವ ಅನಿಲಕ್ಕೆ ಹೊರದಾರಿ ಇಲ್ಲದಿದ್ದರೆ ಒತ್ತಡವು ಬೆಳೆದು, ಅತಿ ದುರ್ಬಲವಾದ ಸಂಧಿಯಿಂದ ಎಣ್ಣೆಯನ್ನು ಹೊರದೂಡುತ್ತದೆ. ಕೊಳವೆ ಶುದ್ಧವಾಯಿತು, ಪ್ಯಾಕಿಂಗ್ ಹೊಸದಾಯಿತು, ಸೋರಿಕೆ ನಿಂತಿತು. ಕೊಳವೆಯನ್ನು ಬಿಟ್ಟು ಪ್ಯಾಕಿಂಗನ್ನಷ್ಟೇ ಬದಲಿಸಿದ್ದರೆ ಎಣ್ಣೆಯು ಮತ್ತೊಂದು ಸಂಧಿಯನ್ನು ಹುಡುಕಿಕೊಳ್ಳುತ್ತಿತ್ತು.

ಶ್ರೀಮದಾಚಾರ್ಯರು ಪ್ರಮಾಣಲಕ್ಷಣದಲ್ಲಿ ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರರ ಲಕ್ಷಣದಲ್ಲಿಯೂ ನಿರ್ದೋಷತ್ವವನ್ನು ಸೇರಿಸಿದ್ದಾರೆ. ಕೆಳಗೆ ಬಿದ್ದ ಹನಿಯು ಹಿಂಬದಿಯ ದೋಷವನ್ನು ಸಾಧಿಸಲಾರದು. ಬೇರೆಡೆ ಸೋರಿದಾಗಲೂ ಅದು ಅಲ್ಲಿಯೇ ಬೀಳುವುದರಿಂದ ಆ ಹೇತುವು ವ್ಯಭಿಚಾರಿ. ಜಿಡ್ಡಿನ ಮೇಲೆ ಜಿಡ್ಡು ಕೂಡಿರುವಾಗ ಪ್ರತ್ಯಕ್ಷವೂ ನಿರ್ದೋಷವಲ್ಲ. ಮನುಷ್ಯರ ವಿಷಯದಲ್ಲಿ ಈ ಜಿಡ್ಡು ಯಾವುದು? ಹಿಂದಿನ ಅಸಮಾಧಾನಗಳು, ಕೇಳಿಸಿಕೊಂಡ ಚಾಡಿಗಳು. ಅವನ್ನು ತೊಳೆಯದೆ ನೋಡುವವನಿಗೆ ಎಲ್ಲ ಕಲೆಯೂ ಹೊಸದಾಗಿಯೇ ತೋರುತ್ತದೆ.

ವರ್ಷಗಟ್ಟಲೆ ಮೌನವಾಗಿದ್ದ ಸೊಸೆಯು ಒಂದು ದಿನ ಸಿಡಿದು ನುಡಿದರೆ, ಆ ನುಡಿಯನ್ನು ಎಲ್ಲರೂ ಎಣಿಸುತ್ತಾರೆ. ಆಕೆಯ ಮಾತಿಗೆ ಆ ಮನೆಯಲ್ಲಿ ದಾರಿಯಿತ್ತೇ ಎಂದು ಕೇಳುವವರು ವಿರಳ. ದುರ್ಬಲನೇ ದೋಷಿಯೆಂದು ತೋರುವುದು, ಒತ್ತಡವು ಅವನಲ್ಲಿಯೇ ಹೊರಬೀಳುವುದರಿಂದ.

ಹಾಗಾದರೆ ಕಟುವಾಗಿ ನುಡಿದವರಿಗೆ ಹೊಣೆಯೇ ಇಲ್ಲವೇ ಎಂದು ಶಂಕಿಸಬಹುದು. ಹಾಗಲ್ಲ. ಜಗತ್ತು ಸತ್ಯವೆಂಬ ನಮ್ಮ ಸಿದ್ಧಾಂತದಲ್ಲಿ ದೋಷವೂ ಸತ್ಯವೇ. ಜೀವನ ಕರ್ತೃತ್ವವು ಭಗವದಧೀನವಾದರೂ ಸತ್ಯವೇ. ಪ್ಯಾಕಿಂಗನ್ನೂ ಬದಲಿಸಬೇಕಾಯಿತಷ್ಟೆ. ಆದರೆ ಪರದೋಷವನ್ನು ನಿರ್ಣಯಿಸುವವನಿಗೆ ಎರಡು ಕರ್ತವ್ಯಗಳಿವೆ: ಮೊದಲು ತನ್ನ ದೃಷ್ಟಿಯನ್ನು ತೊಳೆದುಕೊಳ್ಳುವುದು, ಆಮೇಲೆ ಮೇಲಿನಿಂದ ನೋಡುತ್ತ ಬರುವುದು. ಮನೆಯಲ್ಲಿ ಮೇಲೆ ಇರುವವರು ಬಹುಶಃ ಹಿರಿಯರಾದ ನಾವೇ. ಪರೀಕ್ಷೆಯು ಅಲ್ಲಿಂದಲೇ ಆರಂಭವಾಗಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥