ದೋಷದೊಡನೆ ಬಾಳುವೆ

ಹುಟ್ಟುವಾಗಲೇ ಪೂರ್ಣವಾಗಿರುವ ವಸ್ತು ಮೇಲೋ, ಕೊರತೆಯೊಡನೆ ಹುಟ್ಟಿ ತಿದ್ದಿಕೊಳ್ಳುತ್ತ ಬೆಳೆದದ್ದು ಮೇಲೋ? ಮನುಷ್ಯರನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನೆತ್ತಿದರೆ ಮನಸ್ತಾಪಕ್ಕೆ ದಾರಿಯಾದೀತು. ಎರಡು ಮೋಟಾರು ಕಾರುಗಳ ವಿಷಯದಲ್ಲಿ ಕೇಳಿದರೆ ಯಾರಿಗೂ ನೋವಿಲ್ಲ.

ಮೊದಲನೆಯದು ಇಂಗ್ಲೆಂಡಿನ ಜಾಗ್ವಾರ್ ಇ-ಟೈಪ್. 1961ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಅದು ಲೋಕಕ್ಕೆ ಕಾಣಿಸಿಕೊಂಡಿತು. ಅದರ ಮೈಗೆ ರೂಪ ಕೊಟ್ಟ ಮಾಲ್ಕಮ್ ಸೇಯರ್ ವಿಮಾನ ಕಾರ್ಖಾನೆಯಲ್ಲಿ ದುಡಿದು ಬಂದವನು. ಅದರ ಬಾಗುಗಳನ್ನು ಅವನು ಗಣಿತದಿಂದ ಲೆಕ್ಕ ಹಾಕಿ ಪಡೆದ. ಲೆಕ್ಕದಿಂದ ಲಾವಣ್ಯ ಹುಟ್ಟಿತೆಂದರೆ ನಮ್ಮ ರಸಿಕರು ಒಪ್ಪುವರೋ ಇಲ್ಲವೋ! 1964ರಲ್ಲಿ ಮಾಡಿದ ತಿದ್ದುಪಾಟು ಉಪಕಾರದ್ದೇ: ಗೇರು ಹಾಕುವುದು ಸುಲಭವಾಯಿತು, ಆಸನ ಹಿತವಾಯಿತು. ಆಮೇಲಿನವು ಹಾಗಲ್ಲ. ಅಮೆರಿಕದ ಸುರಕ್ಷತಾ ನಿಯಮಗಳಿಗಾಗಿ ಮುಂದೀಪಗಳ ಮೇಲಿನ ಗಾಜು ಹೋಯಿತು. 1971ರಲ್ಲಿ ಹನ್ನೆರಡು ಸಿಲಿಂಡರಿನ ಎಂಜಿನ್ನು ಬಂದಾಗ ಮುಂಬಾಯಿ ಅಗಲವಾಯಿತು. ಆ ದಶಕದ ನಡುವೆ ತಯಾರಿಕೆಯೇ ನಿಂತಿತು. 1996ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಒಂದನ್ನು ಸೇರಿಸಿಕೊಂಡಿತು. ಅದು 1963ರದು, ಗಾಜು ಹೋಗುವುದಕ್ಕೆ ಮುಂಚಿನದು.

ಎರಡನೆಯದು ಜರ್ಮನಿಯ ಪೋರ್ಷೆ. 1963ರಲ್ಲಿ ಅದರ ಹೆಸರು 901. ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರು ತನ್ನದೆಂದು ಫ್ರಾನ್ಸಿನ ಪ್ಯೂಜೋ ತಕರಾರು ತೆಗೆದದ್ದರಿಂದ 911 ಆಯಿತು. (ಸೊನ್ನೆಗೂ ಒಡೆಯರುಂಟೆಂಬುದು ಸೊನ್ನೆಯನ್ನು ಕೊಟ್ಟ ನಾಡಿನವರಾದ ನಮಗೆ ಹೊಳೆದಿರಲಿಲ್ಲ.)

ಇದರ ಎಂಜಿನ್ನು ಹಿಂದಿನ ಅಚ್ಚಿಗಿಂತಲೂ ಹಿಂದೆ. ವೇಗದಿಂದ ತಿರುವಿಗೆ ಬಂದವನು ಹೆದರಿ ಆಕ್ಸಿಲರೇಟರಿನಿಂದ ಕಾಲೆತ್ತಿದನೆನ್ನಿ. ಭಾರ ಮುಂದಕ್ಕೆ ಜರುಗಿ ಹಿಂದಿನ ಚಕ್ರಗಳ ಹಿಡಿತ ಸಡಿಲುತ್ತದೆ, ಗಾಡಿಯ ಬಾಲ ಸುತ್ತಿಬರುತ್ತದೆ. ಹೆದರಿಕೆಗೇ ಶಿಕ್ಷೆ! ಮೊದಮೊದಲು ಮುಂದಿನ ಬಂಪರಿನಲ್ಲಿ ಭಾರವಿಟ್ಟು ಸಮಾಧಾನ ಮಾಡಿದರು. 1969ರ ಮಾದರಿಯಲ್ಲಿ ಹಿಂಚಕ್ರಗಳನ್ನೇ 57 ಮಿಲಿಮೀಟರು ಹಿಂದಕ್ಕೆ ಸರಿಸಿದರು. ಎಂಜಿನ್ನನ್ನು ಮುಂದಕ್ಕೆ ತಂದ 928 ಎಂಬ ಕಾರನ್ನು 1977ರಲ್ಲಿ ಉತ್ತರಾಧಿಕಾರಿಯೆಂದು ಹೊರಡಿಸಿದ್ದೂ ಉಂಟು. 1995ರಲ್ಲಿ ಉತ್ತರಾಧಿಕಾರಿ ತೆರಳಿದ, ಮುದುಕ ಉಳಿದ.

ಇದು ತಾಳ್ಮೆಯೋ, ಬರಿಯ ಹಟವೋ? ಹಟವೆಂದು ತಳ್ಳಿಹಾಕುವಂತಿಲ್ಲ. ಹಿಂದೆ ಕುಳಿತ ಅದೇ ಭಾರ ಹೊರಡುವಾಗ ಚಕ್ರಗಳನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ದೋಷವನ್ನು ಕಿತ್ತರೆ ಗುಣವೂ ಬೇರುಸಹಿತ ಬರುತ್ತಿತ್ತು. ಕಾವ್ಯದೋಷಗಳನ್ನು ಎಣಿಸಿ ಪಟ್ಟಿ ಮಾಡಿದ ನಮ್ಮ ಲಾಕ್ಷಣಿಕರು ಕೂಡ ಒಂದೆಡೆಯ ದೋಷ ಇನ್ನೊಂದೆಡೆ ದೋಷವಲ್ಲವೆಂದು ಒಪ್ಪಿದವರೇ. ಸೋಜಿಗವೆಂದರೆ, ಇಂದಿನ 911ರಲ್ಲಿ 1963ರ ಭಾಗವೊಂದೂ ಉಳಿದಂತಿಲ್ಲ. ಗಾಳಿಯಿಂದ ತಣಿಯುತ್ತಿದ್ದ ಎಂಜಿನ್ನು ಈಗ ನೀರಿನಿಂದ ತಣಿಯುತ್ತದೆ. ಮೈಯ ಗೆರೆಯೊಂದನ್ನು ಬಿಟ್ಟರೆ ಉಳಿದದ್ದು ಎಂಜಿನ್ನಿನ ಜಾಗ ಮಾತ್ರ. ಅಂದು ಯಾವುದನ್ನು ತಪ್ಪೆಂದರೋ ಅದರಿಂದಲೇ ಇಂದು ಗುರುತು ಹಿಡಿಯುತ್ತಾರೆ.

ಆದ್ದರಿಂದ ನನ್ನ ಒಲವು ಜರ್ಮನಿಯ ಕಡೆಗೆ. ಆದರೂ ಒಂದು ಮಾತು ಚುಚ್ಚುತ್ತದೆ. ತಾಳ್ಮೆ ಕಾರ್ಖಾನೆಯದು, ಅದಕ್ಕೆ ಬೆಲೆ ತೆತ್ತವನು ಬೇರೆ. 1969ಕ್ಕೆ ಮುಂಚೆ, ಮಳೆ ಬಿದ್ದ ಬೆಟ್ಟದ ತಿರುವಿನಲ್ಲಿ ಕಾಲೆತ್ತಿದವನಿಗೆ ಆ 57 ಮಿಲಿಮೀಟರು ದೊರೆತಿರಲಿಲ್ಲ.