ಮೇಲಿನಿಂದ ಕೆಳಕ್ಕೆ ಅರಳುವ ಮರ

ಸುಳ್ಯ ಸೀಮೆಯ ಗುತ್ತಿಗಾರಿನ ಸುತ್ತ ಅಡಿಕೆ ತೋಟ ಮುಗಿದು ಕಾಡು ಮೊದಲಾಗುವ ಅಂಚಿನಲ್ಲಿ ಬೈನೆ ಮರಗಳು ಕಾಣುತ್ತವೆ. ಅವುಗಳನ್ನು ಯಾರೂ ನೆಟ್ಟದ್ದಲ್ಲ. ಕಬ್ಬೆಕ್ಕು ಹಣ್ಣು ತಿಂದು ಬೀಜವನ್ನು ಎಲ್ಲಿ ಬಿಟ್ಟಿತೋ ಅಲ್ಲಿ ಹುಟ್ಟಿದವು. ಘಟ್ಟದವರು ಬಗನಿ ಎನ್ನುವ ಈ ಮರಕ್ಕೆ ಯೌವನವೇ ದೀರ್ಘ. ಹತ್ತು ಹದಿನೈದು ವರ್ಷಗಳ ಕಾಲ ಅದು ಹೂವಿನ ಸುಳಿವನ್ನೇ ಕೊಡದೆ ಎತ್ತರಕ್ಕೆ ಏರುತ್ತದೆ, ಕಾಂಡದೊಳಗೆ ಪಿಷ್ಟವನ್ನು ಕೂಡಿಡುತ್ತದೆ. ಬಳಿಕ ಒಂದು ದಿನ ನೆತ್ತಿಯ ಎಲೆಯ ಸಂದಿನಲ್ಲಿ ಮೊದಲ ಹೊಂಬಾಳೆ ಒಡೆದು, ಬಿಚ್ಚಿದ ಜಡೆಯಂತೆ ಇಳಿಬೀಳುತ್ತದೆ. ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಹೂವು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ. ಕೂಡಿಟ್ಟದ್ದೆಲ್ಲ ವೆಚ್ಚವಾಗುತ್ತಾ ಹೋಗುತ್ತದೆ. ಕಟ್ಟಕಡೆಯ ಗೊನೆ ಹಣ್ಣಾದಾಗ ಮರ ಸಾಯುತ್ತದೆ. ತನ್ನ ಬಾಳಿನ ಉಳಿಕೆಯನ್ನು ಇಷ್ಟು ನಿಚ್ಚಳವಾಗಿ ಮೈಮೇಲೆ ತೋರಿಸಿಕೊಳ್ಳುವ ಜೀವಿ ಬೇರೆ ಯಾವುದಿದೆಯೋ ಕಾಣೆ. ಕೆಳಗೆ ನಿಂತು ನೋಡಿದವನಿಗೆ, ಅದು ಎಷ್ಟು ಮುಗಿದಿದೆ, ಎಷ್ಟು ಉಳಿದಿದೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ.

ಕಳಿ, ಅಂದರೆ ಕಳ್ಳು, ಇಳಿಸುವ ಮೂರ್ತೆಯವನು ಈ ಮರದ ಬಳಿಗೆ ಬರುವುದು ಈ ಇಳಿಗಾಲದಲ್ಲಿಯೇ. ಗೆಣ್ಣು ಉಳಿಸಿದ ಬಿದಿರನ್ನು ಕಾಂಡಕ್ಕೆ ಬಿಗಿದು, ಅದರ ಮೇಲೆ ಕಾಲಿಟ್ಟು ಏರುತ್ತಾನೆ. ಕತ್ತಿಯಿಂದ ಹೊಂಬಾಳೆಯ ತುದಿಯನ್ನು ತೆಳುವಾಗಿ ಸವರಿ, ಕೆಳಗೆ ಮಡಕೆ ಕಟ್ಟುತ್ತಾನೆ. ಕತ್ತರಿಸಿದ ಮೈ ಒಣಗಿದರೆ ರಸ ನಿಲ್ಲುತ್ತದೆ. ಆದ್ದರಿಂದ ಬೆಳಿಗ್ಗೆಯೂ ಸಂಜೆಯೂ ಹೊಸದಾಗಿ ಸವರಬೇಕು. ದಪ್ಪ ಕತ್ತರಿಸಿದರೆ ಹೊಂಬಾಳೆ ಬೇಗ ಮುಗಿಯುತ್ತದೆ, ತೀರ ತೆಳುವಾದರೆ ರಸದ ಬಾಯಿ ತೆರೆಯುವುದಿಲ್ಲ. ಈ ಎರಡರ ನಡುವಿನ ಅಳತೆ ಯಾವ ಪುಸ್ತಕದಲ್ಲೂ ಇಲ್ಲ. ಅದು ಕೈಯಲ್ಲಿದೆ, ಕೈಯೊಡನೆಯೇ ಹೋಗುತ್ತದೆ. ಚೆನ್ನಾಗಿ ಒದಗುವ ಮರವೊಂದು ಒಂದು ಹಗಲು ರಾತ್ರಿಯಲ್ಲಿ ನೂರು ಪೈಂಟು ರಸ ಕೊಡಬಲ್ಲದೆಂದು ಸಸ್ಯಶಾಸ್ತ್ರಜ್ಞ ವಿಲಿಯಂ ರಾಕ್ಸ್‌ಬರ್ಗ್ ಬರೆದಿದ್ದಾನೆ. ನಮ್ಮ ಲೆಕ್ಕದಲ್ಲಿ ಐವತ್ತು ಲೀಟರಿನ ಸುಮಾರು. ಇಳಿದ ಕ್ಷಣದಲ್ಲಿ ಅದು ಬರೀ ಸಿಹಿ. ಮಡಕೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಸಿಹಿಯಾಗಿಯೇ ಉಳಿಯುತ್ತದೆ, ಕಾಯಿಸಿದರೆ ಬೆಲ್ಲವಾಗುತ್ತದೆ. ಸುಣ್ಣವಿಲ್ಲದಿದ್ದರೆ ಗಾಳಿಯಲ್ಲಿನ, ಮಡಕೆಯಲ್ಲಿನ ಸೂಕ್ಷ್ಮಜೀವಿಗಳು ಕೂಡಲೇ ಕೆಲಸಕ್ಕೆ ತೊಡಗುತ್ತವೆ. ಬೆಳಗಿನ ಕಳಿ ಮಧ್ಯಾಹ್ನಕ್ಕೆ ಬೇರೆ, ಸಂಜೆಗೆ ಇನ್ನೂ ಬೇರೆ, ಮರುದಿನ ಹುಳಿ. ಕೂಡಿಡಲಾಗದ, ದೂರ ಒಯ್ಯಲಾಗದ ಪಾನೀಯವಿದು. ಅಂದಿನದನ್ನು ಅಂದೇ ಅಲ್ಲಿಯೇ ಮುಗಿಸಬೇಕು.

ಸಮುದ್ರದಾಚೆ ಮೆಕ್ಸಿಕೋದ ಒವಾಹಾಕ ಸೀಮೆಯಲ್ಲಿ ಇದಕ್ಕೆ ದೂರದ ನಂಟಿರುವ ಕಸುಬೊಂದಿದೆ. ನಮ್ಮ ಬಯಲುಸೀಮೆಯವರು ಬೇಲಿಗೆ ನೆಡುವ ಕತ್ತಾಳೆಯ ಬಳಗದ ಗಿಡಗಳಿಂದ ಅಲ್ಲಿನ ಹಳ್ಳಿಗರು ಮೆಸ್ಕಾಲ್ ಎಂಬ ಮದ್ಯವನ್ನು ತೆಗೆಯುತ್ತಾರೆ. ಕತ್ತಾಳೆಯೂ ಬಾಳಿನಲ್ಲಿ ಒಮ್ಮೆ ಮಾತ್ರ ಹೂಬಿಟ್ಟು ಸಾಯುವ ಜಾತಿ. ಆದರೆ ಅಲ್ಲಿನವನು ಹೂವಿಗೆ ಎಡೆಗೊಡುವುದಿಲ್ಲ. ಏಳೆಂಟು ವರ್ಷ ಕಾದು, ಹೂದಂಡು ಮೇಲೇಳುವ ಹೊತ್ತಿಗೆ ಅದನ್ನು ಕಡಿದು, ಗಿಡದ ತಿರುಳನ್ನು ಇಡಿಯಾಗಿ ಅಗೆದು, ನೆಲದ ಕುಳಿಯಲ್ಲಿ ದಿನಗಟ್ಟಲೆ ಸುಟ್ಟು, ಕಲ್ಲಿನ ಚಕ್ರದಲ್ಲಿ ಅರೆದು, ಹುಳಿಸಿ ಬಟ್ಟಿಯಿಳಿಸುತ್ತಾನೆ. ಹಾಗೆ ತೆಗೆದದ್ದು ಕೆಡುವುದಿಲ್ಲ; ಸೀಸೆ ಸೇರಿ ದೇಶಾಂತರ ಹೋಗುತ್ತದೆ. ಅದಕ್ಕೆ ಹೆಸರಿದೆ, 1994ರಿಂದ ಆ ಹೆಸರಿಗೆ ಕಾನೂನಿನ ಕಾವಲೂ ಇದೆ. ಬೈನೆಯ ಕಳಿಗೆ ಇವೊಂದೂ ಒದಗಲಿಲ್ಲ. ಒಂದು ದಿನವನ್ನು ದಾಟಲಾರದ್ದು ಪೇಟೆಯನ್ನು ಹೇಗೆ ದಾಟೀತು?

ಮೂರ್ತೆಯ ಕಸುಬು ಮರೆಯಾಗುತ್ತಿದೆ ಎಂದು ಮರುಗುವುದೂ ಸುಲಭವಲ್ಲ. ತುಳುನಾಡಿನಲ್ಲಿ ಮೂರ್ತೆ ಬಿಲ್ಲವರ ಕುಲಕಸುಬೆನಿಸಿತ್ತು. ಕೋಟಿ ಚೆನ್ನಯರನ್ನು ಹೆತ್ತ ಸಮುದಾಯವದು; ಆ ವೀರರು ಮಡಿದದ್ದು ಈ ಸೀಮೆಯ ಎಣ್ಮೂರಿನಲ್ಲಿಯೇ ಎಂದು ಪಾಡ್ದನಗಳೆಂಬ ತುಳು ಹಾಡುಗಳು ಹೇಳುತ್ತವೆ. ಬಿಲ್ಲವರ ಕೈಯ ಕಳಿ ಕೆಲವು ದೈವಗಳಿಗೆ ಸಲ್ಲುತ್ತಿತ್ತು, ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸಣ್ಣ ಎಂಬ ತಿಂಡಿಯ ಹಿಟ್ಟನ್ನು ಉಬ್ಬಿಸುತ್ತಿತ್ತು. ಆದರೂ ಇಳಿಸಿದವನನ್ನು ಊರು ಅಂಗಳದಾಚೆಯೇ ನಿಲ್ಲಿಸಿತು. ಬ್ರಿಟಿಷ್ ಆಡಳಿತ ಮರಮರಕ್ಕೂ ತೆರಿಗೆ ಹಾಕಿತು. 1948ರಲ್ಲಿ ಮದರಾಸು ಪ್ರಾಂತ್ಯದ ತುಂಬ ಪಾನನಿಷೇಧ ಬಂದಾಗ, ಆಗ ಅದರ ಭಾಗವಾಗಿದ್ದ ದಕ್ಷಿಣ ಕನ್ನಡದಲ್ಲಿ ನಿನ್ನೆಯ ಕಸುಬು ಇಂದಿನ ಅಪರಾಧವಾಯಿತು. ಇದೆಲ್ಲ ಹೊರಗಿನಿಂದ ಬಂದದ್ದು. ಒಳಗಿನಿಂದ ಬಂದ ಮಾತು ಇನ್ನೂ ಆಳವಾದದ್ದು. ಈ ಸಮುದಾಯ ಗುರುವೆಂದು ನಂಬಿದ, 1912ರಲ್ಲಿ ಮಂಗಳೂರಿನ ಕುದ್ರೋಳಿಯ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ನಾರಾಯಣ ಗುರುಗಳೇ ಮದ್ಯವನ್ನು ತೊರೆಯಿರಿ, ಅದನ್ನು ಮಾಡಲೂ ಬೇಡಿ, ಮಾರಲೂ ಬೇಡಿ ಎಂದರು. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವರು ಆಡಿದ ಮಾತದು. ಮರದಿಂದ ಜಾರಿ ಬಿದ್ದು ನಡುಮುರಿದವರ ಮಕ್ಕಳು ಶಾಲೆಗೆ ಹೋದರು, ಪೇಟೆಗೆ ಹೋದರು, ಹೋಗಬೇಕಾದದ್ದೇ. ಆ ಎತ್ತರಕ್ಕೆ ಇನ್ನೊಬ್ಬರ ಮಗನನ್ನು ಏರಿಸಿ, ಪರಂಪರೆ ಉಳಿಯಿತೆಂದು ಕೆಳಗೆ ನಿಂತು ನಾನು ಸಂತೋಷಪಡಲಾರೆ.

ಹಾಗಾದರೆ ಕಳೆದದ್ದು ಏನು? ಪಾನೀಯವಂತೂ ಅಲ್ಲ, ಅದಕ್ಕೆ ಬದಲಿಗಳು ಬೇಕಾದಷ್ಟಿವೆ. ಕಳೆದದ್ದು ಒಂದು ಬಗೆಯ ನಿತ್ಯದ ಹಾಜರಿ ಎಂದು ನನಗೆ ತೋರುತ್ತದೆ. ಸಾಯುತ್ತಿರುವ ಜೀವವೊಂದರ ಬಳಿಗೆ ದಿನಕ್ಕೆ ಎರಡು ಬಾರಿ ಹೋಗಿ, ಅದರ ಇಂದಿನ ಸ್ಥಿತಿಯನ್ನು ನೋಡಿ, ಅದಕ್ಕೆ ತಕ್ಕಷ್ಟೇ ತೆಗೆದುಕೊಂಡು ಇಳಿಯುವ ಅಭ್ಯಾಸ. ಇಂದು ಸುಳ್ಯದ ಗುಡ್ಡಗಳಲ್ಲಿ ನಸುಕಿನಲ್ಲೇ ಮರಕ್ಕೆ ಕತ್ತಿಯಿಡುವವರು ರಬ್ಬರಿನ ಕೆಲಸದವರು. ಅಲ್ಲಿಯೂ ತೊಗಟೆಯನ್ನು ತೆಳುವಾಗಿ ಸವರುವ ನಯವಿದೆ, ಬೆಳಗಿನ ತಂಪನ್ನು ಕಾಯುವ ಶಿಸ್ತಿದೆ. ಅದನ್ನು ನಾನು ಕೀಳೆನ್ನುವುದಿಲ್ಲ. ಆದರೆ ಸಾಲಿನಲ್ಲಿ ನಿಂತ ಒಂದೇ ವಯಸ್ಸಿನ ನೂರು ಮರಗಳೊಡನೆ ಮನುಷ್ಯನಿಗೆ ಬೆಳೆಯುವ ಪರಿಚಯ ಬೇರೆ. ತಾನಾಗಿ ಹುಟ್ಟಿದ, ಇನ್ನೆಷ್ಟು ಗೊನೆ ಉಳಿದಿದೆಯೆಂದು ಅವನು ಬಲ್ಲ ಒಂದೇ ಮರದೊಡನೆ ಬೆಳೆಯುವುದು ಬೇರೆ.

ಮೂರ್ತೆ ನಿಂತಮೇಲೆ ತೋಟದ ಅಂಚಿನ ಬೈನೆ ಅನೇಕರಿಗೆ ಬರೀ ನೆರಳು ಬೀಳಿಸುವ ಮರ. ಬಿಸಿಲಿಗೆ ಅಡ್ಡವೆಂದು ಕಡಿಯುತ್ತಾರೆ. ಹಿಂದೆ ಬರಗಾಲದಲ್ಲಿ ಇದೇ ಕಾಂಡದ ಹಿಟ್ಟು ಅನ್ನವಿಲ್ಲದ ಮನೆಗಳಿಗೆ ಗಂಜಿಯಾಗಿತ್ತು, ಇದರ ಸೊಪ್ಪು ಈಗಲೂ ಆನೆಗಳಿಗೆ ಆಹಾರ. ನಿಮ್ಮ ತೋಟದ ಬದಿಯಲ್ಲಿ ಬೈನೆಯಿದ್ದರೆ ಕೊಡಲಿ ತರುವ ಮುನ್ನ ಒಮ್ಮೆ ಕತ್ತೆತ್ತಿ ನೋಡಿ. ನೆತ್ತಿಯಲ್ಲಿ ಹೂ ಕಂಡರೆ ಅದು ಹೇಗೂ ಹೊರಟು ನಿಂತ ಮರ. ಹಣ್ಣು ಉದುರುವವರೆಗೆ, ಕೆಲವೇ ವರ್ಷ, ಬಿಟ್ಟುಬಿಡಿ.