ಗಿಳಿಪಾಠವೆಂದರೆ ಯಾವುದು?

ಮಠದ ಪ್ರಸಾದನಿಲಯದಲ್ಲಿದ್ದು ಓದಿದ ನಮ್ಮಲ್ಲಿ "ಗಿಳಿಪಾಠ ಒಪ್ಪಿಸಬೇಡ" ಎಂಬ ಗದರಿಕೆಯನ್ನು ಕೇಳದವರಾರು? ಅರ್ಥವರಿಯದೆ ನುಡಿಯುವುದಕ್ಕೆ ಗಿಳಿಯೇ ನಿದರ್ಶನವೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಆದರೆ ಅದರ ನಾಲಗೆಯನ್ನು ಗಮನಿಸಿದಷ್ಟು ಅದರ ಕಾಲನ್ನೂ ಕೊಕ್ಕನ್ನೂ ಗಮನಿಸಿದ್ದೇವೆಯೇ? ಎರಡು ಬೆರಳು ಮುಂದಕ್ಕೂ ಎರಡು ಹಿಂದಕ್ಕೂ ಇರುವ ಆ ಕಾಲು ಪೇರಲಹಣ್ಣನ್ನು ಹಿಡಿದೆತ್ತುವ ಬಗೆಯನ್ನು ಕಂಡವರಿಗೆ ಅದು ಕೈಯೇ ಎನಿಸದಿರದು.

ಇಂಡೊನೇಷ್ಯಾದ ತನಿಂಬಾರ್ ದ್ವೀಪಗಳಲ್ಲಿ ಗಾಫಿನ್ ಕಾಕಟೂ ಎಂಬ ಬಿಳಿಯ ಗಿಳಿಜಾತಿಯೊಂದಿದೆ. ಆಸ್ಟ್ರಿಯಾದ ವಿಯೆನ್ನಾ ನಗರದ ಸಮೀಪ ವಿಜ್ಞಾನಿಗಳು ಸಾಕಿದ್ದ ಇಂಥದೊಂದು ಹಕ್ಕಿಯ ಹೆಸರು ಫಿಗರೊ. ಪಂಜರದ ಜಾಲರಿಯಾಚೆ ಗೋಡಂಬಿ ಇಟ್ಟಾಗ ಅದು ಮರದ ತೊಲೆಯಿಂದ ಕೊಕ್ಕಿನಲ್ಲಿ ಸೀಳೊಂದನ್ನು ಕಿತ್ತು, ಅದರಿಂದ ಗೋಡಂಬಿಯನ್ನು ಬಳಿಗೆಳೆದುಕೊಂಡಿತು. ಯಾರೂ ಕಲಿಸಿರಲಿಲ್ಲ. ಈ ವೃತ್ತಾಂತ 2012ರಲ್ಲಿ ಪ್ರಕಟವಾಯಿತು.

ಇದಕ್ಕಿಂತಲೂ ವಿಚಾರಾರ್ಹವಾದುದು 2014ರಲ್ಲಿ ತಿಳಿದುಬಂದ ಸಂಗತಿ. ಫಿಗರೊ ಕೋಲು ಬಳಸುವುದನ್ನು ನೋಡಿದ ಮೂರು ಗಂಡುಹಕ್ಕಿಗಳು ಆ ಕೆಲಸವನ್ನು ಕಲಿತವು. ಆದರೆ ಅದರಂತೆ ಮಾಡಲಿಲ್ಲ. ಫಿಗರೊ ಗೋಡಂಬಿಯನ್ನು ಮೆಲ್ಲನೆ ಗೋರುತ್ತಿತ್ತು. ಇವು ಕೋಲನ್ನು ನೆಲಕ್ಕೆ ಮಟ್ಟವಾಗಿಟ್ಟು ಒಮ್ಮೆಲೆ ಚಿಮ್ಮಿಸಿದವು. ಗುರುವಿನ ಉದ್ದೇಶವನ್ನು ಗ್ರಹಿಸಿದವು, ಉಪಾಯವನ್ನು ತಾವೇ ಕಂಡುಕೊಂಡವು. ಹೀಗೆ ಗಿಳಿಯ ಶಿಷ್ಯರೇ ಗಿಳಿಪಾಠವನ್ನು ಒಪ್ಪಿಸಲಿಲ್ಲ!

ಓದುಗ ಬಂಧುಗಳೆ, ಶರಣರ ಮಾರ್ಗವೂ ಇಂಥದೇ ಅಲ್ಲವೆ? ನುಲಿಯ ಚಂದಯ್ಯನವರು ಹಗ್ಗ ಹೊಸೆದರು; ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು; ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಮಾರಿದರು. ತತ್ತ್ವ ಒಂದೇ, ಕೈಗಳು ಬೇರೆ. ಬಸವಣ್ಣನವರನ್ನು ಅನುಸರಿಸಿದವರು ಅವರಂತೆ ಭಂಡಾರಿಗಳಾಗಬೇಕಿರಲಿಲ್ಲ. ನಾವಾದರೋ ಸಭೆಗಳಲ್ಲಿ ವಚನಗಳನ್ನು ತಪ್ಪಿಲ್ಲದೆ ಹೇಳುತ್ತೇವೆ. ಮನೆಗೆ ಮರಳಿ ಕೂಲಿಯವನ ಕೂಲಿಯಲ್ಲಿ ಚೌಕಾಸಿ ಮಾಡುತ್ತೇವೆ. ನಿಜವಾದ ಗಿಳಿಪಾಠ ಇದೇ.

ಆದರೆ ಕುಶಲತೆಯೊಂದೇ ಕಾಯಕವಾಗದು. ಆ ಹಕ್ಕಿ ಕೋಲು ಹಿಡಿದದ್ದು ತನ್ನ ಬಾಯಿಯ ತುತ್ತಿಗಾಗಿ. ಅದರಲ್ಲಿ ದೋಷವೇನೂ ಇಲ್ಲ. ಹಕ್ಕಿಗೆ ಅಷ್ಟು ಸಾಕು. ಮನುಷ್ಯನ ದುಡಿಮೆ ಮಾತ್ರ ದಾಸೋಹದಲ್ಲಿ ಮುಗಿಯಬೇಕು. ಯಾರದೋ ಕಾಣಿಕೆಯ ಜೋಳದಿಂದ ನಮ್ಮ ಎಳೆತನದ ಹಸಿವು ಹಿಂಗಿತು. ಆ ಋಣವನ್ನು ಎಲ್ಲರೂ ಒಂದೇ ಬಗೆಯಲ್ಲಿ ತೀರಿಸಬೇಕೆಂದಿಲ್ಲ. ವೈದ್ಯನು ಔಷಧದಿಂದ, ಶಿಕ್ಷಕನು ಅಕ್ಷರದಿಂದ, ಒಕ್ಕಲಿಗನು ಕಾಳಿನಿಂದ ತೀರಿಸಲಿ. ಕೋಲು ನಮ್ಮ ಕೈಯಲ್ಲಿದೆ. ಅದರಿಂದ ಎಳೆದು ತಂದದ್ದನ್ನು ಯಾರೊಡನೆ ಹಂಚಿಕೊಳ್ಳುತ್ತಿದ್ದೇವೆ ಎಂದು ಇಂದು ರಾತ್ರಿ ಮಲಗುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳೋಣ.